ಚಾರ್ಕೋಲ್‌ನಲ್ಲಿ ಬೇಗ ಬೇಗ ಬರೆದ ದೇಹಗಳಲ್ಲಿ ಜೀವ ಇರುತ್ತದೆ, ಆದರೆ ಕಾರ್ಬನ್ ಪೇಪರ್ ಇಟ್ಟು ಲಿನೋ ಪ್ರಿಂಟ್‌ಗೆ (ಲಿನೋಲಿಯಂ ಹಾಳೆ ಕೆತ್ತಿ ತೆಗೆಯುವ ಅಚ್ಚು) ಇಳಿಸಿದಾಗ ಮರಗಟ್ಟುತ್ತವೆ. ಯಾವ ಅನಾಟಮಿ ಪುಸ್ತಕ ಓದಲಿ?

ಪುಸ್ತಕ ಸದ್ಯಕ್ಕೆ ಬೇಡ. ಸ್ಕೆಚ್‌ನಲ್ಲಿ ಜೀವ ಇದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಹಾಗಾದರೆ ದೇಹ ನಿಮಗೆ ಗೊತ್ತು. ತೊಂದರೆ ಇರುವುದು ನೀವು ಸ್ಕೆಚ್ ಕೆಳಗೆ ಇಡುವ ಕಾರ್ಬನ್ ಪೇಪರಿನಲ್ಲಿ.

ನಾನು ಮಲ್ಪೆ ಬಂದರಿನಲ್ಲಿ ಕೂತು ಬರೆಯುತ್ತಿದ್ದೆ. ಬಂಗುಡೆ ಬುಟ್ಟಿ ತಲೆಗೇರಿಸುವ ಹೆಂಗಸರು, ಬೋಟಿನ ಹಗ್ಗ ಎಳೆಯುವವರು. ಅಲ್ಲಿ ಯಾರೂ ನಿಲ್ಲುವುದಿಲ್ಲ, ಹಾಗಾಗಿ ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಎಳೆತ, ಭಾರ ಬಿದ್ದ ಕಾಲಿಗೆ ಇನ್ನೊಂದು, ಅಷ್ಟೇ. ಒಳ್ಳೆಯದನ್ನು ಆರಿಸಿ ಕಾರ್ಬನ್ ಇಟ್ಟು ಲಿನೋಗೆ ಇಳಿಸಿದೆ. ಗೆರೆ ಚೂರೂ ತಪ್ಪದ ಹಾಗೆ ಕೆತ್ತಿದೆ. ಎಂಎಫ್‌ಎ (ಚಿತ್ರಕಲೆಯ ಸ್ನಾತಕೋತ್ತರ ಪದವಿ) ಸಂದರ್ಶನಕ್ಕೆ ಆ ಪ್ರಿಂಟ್‌ಗಳನ್ನೇ ಒಯ್ದೆ, ಸ್ಕೆಚ್ ಪುಸ್ತಕ ಮನೆಯಲ್ಲೇ ಬಿಟ್ಟೆ. ಸೀಟು ಸಿಗಲಿಲ್ಲ. ಮುಂದಿನ ವರ್ಷದವರೆಗೆ ಕಾಯಬೇಕಾಯಿತು.

ಇದನ್ನು ಬಿಡಿಸಿ ಹೇಳಲೇಬೇಕು. ಲಿನೋದಲ್ಲಿ ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ಒಂದು ಕಪ್ಪು ಗೆರೆ ಬೇಕಾದರೆ ಅದರ ಎರಡೂ ಪಕ್ಕ ನಿಧಾನವಾಗಿ ಕೆತ್ತಬೇಕು. ಅಂದರೆ ಪ್ರಿಂಟ್‌ನಲ್ಲಿ ಕಾಣುವ ಆ ಗೆರೆಯನ್ನು ನನ್ನ ಕೈ ಎಳೆದೇ ಇಲ್ಲ, ಅದು ನಾನು ಮುಟ್ಟದೆ ಬಿಟ್ಟ ಜಾಗ! ತೋಳು ಬೀಸಿ ಒಂದೇ ಉಸಿರಿಗೆ ಎಳೆದದ್ದರ ಅಂಚು ತಪ್ಪದ ಹಾಗೆ ಗಂಟೆಗಟ್ಟಲೆ ಕೆತ್ತಿದೆ, ವೇಗ, ಒತ್ತಡ, ಕೈ ತಡವರಿಸಿದ ಗುರುತು ಎಲ್ಲವೂ ಹೋಗಿ ಸುಮ್ನೆ ಒಂದು ಆಕಾರ ಉಳಿಯಿತು. ಉಳಿಗೂ ತನ್ನದೇ ಎಳೆತ ಇದೆ. ಒತ್ತಿದರೆ ಅಗಲ, ಎತ್ತಿದರೆ ಸಣ್ಣ. ಅದನ್ನು ನಾನು ಬಳಸಲೇ ಇಲ್ಲ.

ಬ್ಲಾಕಿಗೆ ಮೊದಲೇ ಕಪ್ಪು ಬಳಿಯಿರಿ. ಭಾರ ಎಲ್ಲಿ ಬೀಳುತ್ತದೆ ಅನ್ನುವುದನ್ನು ಮಾತ್ರ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆಮೇಲೆ ನೇರವಾಗಿ ಬೆಳಕನ್ನು ಕೆತ್ತಿ. ಬ್ಲಾಕ್ ಮೇಜಿಗೆ ಬಿಗಿಯಾಗಿರಲಿ, ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ಜರ್ಮನ್ ಕಲಾವಿದೆ ಕೇಥೆ ಕೊಲ್ವಿಟ್ಸ್ ವರ್ಷಗಟ್ಟಲೆ ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್‌ನಿಂದ ಕೊರೆಸುವುದು), ಕಲ್ಲಚ್ಚು ಮಾಡಿದವರು. 1920ರಲ್ಲಿ ಜರ್ಮನ್ ಶಿಲ್ಪಿ ಬಾರ್ಲಾಖ್ ಅವರ ಮರದಚ್ಚುಗಳನ್ನು ನೋಡಿ ಮರಕ್ಕೆ ತಿರುಗಿದರು. ಅವರ 'ಯುದ್ಧ' ಸರಣಿಯ 7 ಚಿತ್ರಗಳನ್ನು ಹುಡುಕಿ ನೋಡಿ. ತಾಯಂದಿರ ಚಿತ್ರದಲ್ಲಿ ಕಪ್ಪಿನೊಳಗಿಂದ ಮುಖ, ಕೈಗಳಷ್ಟೇ ಮೇಲೆ ಬರುತ್ತವೆ.

ಕಪ್ಪು ಗೆರೆಯೇ ಬೇಕು ಅಂತಿದ್ದರೆ ಲಿನೋ ಬಿಡಿ, ಡ್ರೈಪಾಯಿಂಟ್ ಮಾಡಿ. ಲೋಹದ ಪ್ಲೇಟನ್ನು ಸೂಜಿಯಿಂದ ಗೀರಿದಾಗ ಪಕ್ಕದಲ್ಲಿ ಏಳುವ ಸಣ್ಣ ಸಿಬಿರಿನಲ್ಲಿ ಇಂಕ್ ನಿಂತು ಗೆರೆ ಮೆತ್ತಗಾಗುತ್ತದೆ. ಅದು ಬೇಗ ಸವೆಯುತ್ತದೆ, ಜಾಸ್ತಿ ಪ್ರಿಂಟ್ ಬರುವುದಿಲ್ಲ. ಬ್ರಷ್‌ನ ಬೀಸೇ ಬೇಕಾದರೆ ಶುಗರ್ ಲಿಫ್ಟ್ ಇದೆ, ಸಕ್ಕರೆ ಬೆರೆಸಿದ ಇಂಕಿನಲ್ಲಿ ಪ್ಲೇಟ್ ಮೇಲೆ ನೇರವಾಗಿ ಬರೆಯುವುದು.

ಅನಾಟಮಿ ಬಗ್ಗೆ ಇನ್ನೂ ಅನುಮಾನ ಇದ್ದರೆ ಬಂಗಾಳದ ಕಲಾವಿದ ಸೋಮನಾಥ್ ಹೋರ್ ಅವರ 'ಗಾಯಗಳು' ಸರಣಿ ನೋಡಿ, 1971ರಲ್ಲಿ ಶುರು ಮಾಡಿದ್ದು. ಬಿಳಿ ಕಾಗದದ ತಿರುಳು, ಅದರಲ್ಲಿ ಸೀಳು, ತೂತು. ಕೈ ಇಲ್ಲ, ಕಾಲಿಲ್ಲ, ಆದರೂ ನೋಡಿದ ಕೂಡಲೇ ಅದು ಚರ್ಮ ಅಂತ ಗೊತ್ತಾಗುತ್ತದೆ.

ಪ್ರೆಸ್ (ಅಚ್ಚೊತ್ತುವ ಯಂತ್ರ) ಇಲ್ಲದಿದ್ದರೆ ಲಿನೋದಿಂದಲೇ ಶುರು ಮಾಡಿ. ಇಂಕ್ ಹಚ್ಚಿದ ಬ್ಲಾಕ್ ಮೇಲೆ ತೆಳು ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಪ್ರಿಂಟ್ ಬರುತ್ತದೆ.