ಬಬಲ್‌ಗಮ್ ಜೊತೆ ಬಂದ ಚಿತ್ರಕ್ಕೆ ಕೋಟಿ ಬೆಲೆ ಏಕೆ?

ಪ್ರಶ್ನೆ: ಅಮೆರಿಕದ ಮಕ್ಕಳಿಗೆ 1952ರಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಸಿಗುತ್ತಿದ್ದ ಬೇಸ್‌ಬಾಲ್ ಆಟಗಾರನ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತೆಂದು ಓದಿದೆ. ಮಕ್ಕಳು ಕೂಡಿಡುತ್ತಿದ್ದ ರಟ್ಟಿನ ಚೂರಿಗೆ ಇಷ್ಟು ಬೆಲೆ ಹೇಗೆ ಬಂತು? ಅಲ್ಲಿರುವ ನನ್ನ ಮೊಮ್ಮಗನಿಗೆ ನೆರೆಮನೆಯ ಹಿರಿಯರೊಬ್ಬರು ಇಂಥದೇ ಕಾರ್ಡು ಕೊಟ್ಟಿದ್ದಾರೆ. ಅದು ಅಸಲಿಯೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಓದಿರುವುದು ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್ ಅವರ ಕಾರ್ಡಿನ ಸುದ್ದಿ. ಅದನ್ನು ಹೊರತಂದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಟಾಪ್ಸ್ ಎಂಬ ಬಬಲ್‌ಗಮ್ ಕಂಪನಿ. ಕಂಪನಿಗೆ ಮಾರಬೇಕಾಗಿದ್ದದ್ದು ಗಮ್. ಕಾರ್ಡು ಮಕ್ಕಳನ್ನು ಮತ್ತೆ ಮತ್ತೆ ಅಂಗಡಿಗೆ ಕರೆತರುವ ಉಪಾಯವಾಗಿತ್ತು. ಮುಂಭಾಗದಲ್ಲಿ ಬಣ್ಣದ ಚಿತ್ರ ಮತ್ತು ಸಹಿ, ಹಿಂಭಾಗದಲ್ಲಿ ಆಟಗಾರನ ಪರಿಚಯ, ಅಂಕಿಅಂಶ ಹಾಗೂ ಒಂದು ಸಂಖ್ಯೆ ಇರುತ್ತಿದ್ದವು. ಒಟ್ಟು 407 ಕಾರ್ಡುಗಳ ಆ ಮಾಲೆಯಲ್ಲಿ ಯಾವ ಸಂಖ್ಯೆ ತನ್ನಲ್ಲಿಲ್ಲವೆಂಬುದು ಮಗುವಿಗೆ ಬಾಯಿಪಾಠವಾಗಿರುತ್ತಿತ್ತು. ಪೊಟ್ಟಣ ಒಡೆಯುವವರೆಗೆ ಒಳಗೆ ಯಾರಿದ್ದಾರೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಮ್ಯಾಂಟಲ್ ಕಾರ್ಡಿನ ಸಂಖ್ಯೆ 311. ಬೆಲೆಯ ಗುಟ್ಟು ಬಹುಪಾಲು ಇಲ್ಲಿಯೇ ಇದೆ. ಮಾಲೆಯನ್ನು ಕಂತುಕಂತಾಗಿ ಬಿಡುಗಡೆ ಮಾಡಿದ್ದರಿಂದ, 311ರಿಂದ ಆರಂಭವಾಗುವ ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು, ಮಕ್ಕಳ ಗಮನ ಅಮೆರಿಕನ್ ಫುಟ್‌ಬಾಲ್ ಕಡೆಗೆ ಹೊರಳಿತ್ತು, ಅಂಗಡಿಯವರೂ ಹೆಚ್ಚು ಸರಕು ತರಿಸಲಿಲ್ಲ. ಉಳಿದ ಪೆಟ್ಟಿಗೆಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಜಾಗ ತಿಂದವು. ಆ ಮಾಲೆಯನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೈ ಬರ್ಜರ್ ಅವರೇ ಮುಂದೆ ಹೇಳಿದ ಪ್ರಕಾರ, ಪುಡಿಗಾಸಿಗೆ ಕೊಡುತ್ತೇವೆಂದರೂ ಕೊಳ್ಳುವವರು ಸಿಗದೆ, 1960ರಲ್ಲಿ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಯಲಾಯಿತು.

ಮಕ್ಕಳ ಕೈಗೆ ಸೇರಿದವುಗಳ ಗತಿಯೂ ಸುಖಕರವಾಗಿರಲಿಲ್ಲ. ಗಾಳಿಯಲ್ಲಿ ಚಿಮ್ಮಿಸಿ ಗೆಲ್ಲುವ ಆಟದಲ್ಲಿ ಮೂಲೆಗಳು ಸವೆದವು, ರಬ್ಬರ್ ಬ್ಯಾಂಡು ಅಂಚನ್ನು ಕಚ್ಚಿತು, ಬಟ್ಟೆ ಕ್ಲಿಪ್ಪಿನಿಂದ ಸೈಕಲ್ಲಿಗೆ ಸಿಕ್ಕಿಸಿದ ಕಾರ್ಡು ಚಕ್ರದ ಕಡ್ಡಿಗಳಿಗೆ ಬಡಿದು ಪಟಪಟ ಸದ್ದು ಮಾಡುತ್ತಲೇ ಹರಿದುಹೋಯಿತು. ಆಡಿದ ಮಕ್ಕಳನ್ನು ದೂರುವಂತಿಲ್ಲ. ಅವು ಇದ್ದದ್ದೇ ಆಟಕ್ಕೆ. ಹೀಗೆಲ್ಲ ಕಳೆದು ಉಳಿದವುಗಳಲ್ಲಿ ಮೂಲೆ ಮಾಸದ ಪ್ರತಿ ಅಪರೂಪವಾದುದರಿಂದಲೇ ಆ ಹರಾಜಿನ ಬೆಲೆ ಬಂತು. ಇದಕ್ಕೆ ವ್ಯತಿರಿಕ್ತವಾಗಿ, 1980ರ ದಶಕದ ಕೊನೆಯಲ್ಲಿ ಮುಂದೆ ಬೆಲೆ ಬರುತ್ತದೆಂದು ಎಲ್ಲರೂ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕಾಪಾಡಿದ ಕಾರ್ಡುಗಳು, ವಿಪರೀತ ಸಂಖ್ಯೆಯಲ್ಲಿ ಅಚ್ಚಾದದ್ದರಿಂದ, ಇಂದು ಹೆಚ್ಚಿನವು ಕಾಸಿಗೂ ಬೇಡವಾಗಿವೆ. ಗಮ್ಮಿನ ಕಲೆ ಕಾರ್ಡನ್ನು ಕೆಡಿಸುತ್ತದೆಂಬ ಸಂಗ್ರಾಹಕರ ದೂರಿಗೆ ಮಣಿದು ಟಾಪ್ಸ್ 1990ರ ದಶಕದ ಆರಂಭದಲ್ಲಿ ಬೇಸ್‌ಬಾಲ್ ಪೊಟ್ಟಣದಿಂದ ಗಮ್ಮನ್ನೇ ಕೈಬಿಟ್ಟದ್ದು ಒಂದು ತಮಾಷೆ.

ಅಂದಹಾಗೆ, ಇದು ಮ್ಯಾಂಟಲ್ ಅವರ ಮೊದಲ ಕಾರ್ಡೆಂದು ಹಲವರು ಭಾವಿಸಿದ್ದಾರೆ. ಅವರ ಮೊದಲ ಕಾರ್ಡನ್ನು 1951ರಲ್ಲಿ ಬೌಮನ್ ಎಂಬ ಪ್ರತಿಸ್ಪರ್ಧಿ ಕಂಪನಿ ಹೊರತಂದಿತ್ತು.

ನಿಮ್ಮ ಮೊಮ್ಮಗನ ಕಾರ್ಡಿನ ವಿಷಯಕ್ಕೆ ಬಂದರೆ, ಮೊದಲು ಅಳತೆಪಟ್ಟಿ ಹಿಡಿಯಲು ಹೇಳಿ. 1952ರ ಮೂಲ ಕಾರ್ಡಿನ ಉದ್ದ ಮೂರೂ ಮುಕ್ಕಾಲು ಅಂಗುಲ. ಅಗಲ ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಟಾಪ್ಸ್ ಕಂಪನಿಯೇ 1983ರಲ್ಲಿ ಆ ಮಾಲೆಯನ್ನು ಮರುಮುದ್ರಿಸಿದಾಗ ಬಳಸಿದ್ದು ಮೂರೂವರೆ ಅಂಗುಲ ಉದ್ದದ ಚಿಕ್ಕ ಅಳತೆಯನ್ನು, ಮತ್ತು ಹಿಂಬದಿಯಲ್ಲಿ ಮರುಮುದ್ರಣವೆಂದು ನಮೂದಿಸಲಾಗಿದೆ. ಅಳತೆ ಸರಿಯಿದ್ದ ಮಾತ್ರಕ್ಕೆ ಅಸಲಿಯೆನ್ನಲಾಗದು, ಏಕೆಂದರೆ ಪೂರ್ಣ ಅಳತೆಯ ನಕಲುಗಳೂ ಇವೆ. ಆದುದರಿಂದ ಕಾರ್ಡುಗಳನ್ನು ಪರೀಕ್ಷಿಸಿ ದರ್ಜೆ ನೀಡುವ ವೃತ್ತಿಪರ ಸಂಸ್ಥೆಗೆ ಅದನ್ನು ತೋರಿಸುವುದು ಒಳಿತು. ಅಲ್ಲಿಯವರೆಗೆ ಒರೆಸುವುದು, ಅಂಚು ಕತ್ತರಿಸುವುದು, ಲ್ಯಾಮಿನೇಟ್ ಮಾಡಿಸುವುದು ಬೇಡ.