ನೂರ ಇಪ್ಪತ್ತರವರೆಗೂ!

ಪ್ರಶ್ನೆ: ಮಗನ ಮನೆಗೆಂದು ನ್ಯೂಯಾರ್ಕ್‌ಗೆ ಹೋಗಿದ್ದೆ. ಬ್ರೂಕ್ಲಿನ್‌ನ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ನನ್ನ ವಯಸ್ಸು ಕೇಳಿದರು. 68 ಅಂದೆ. ‘ಕೀನಹೋರ’ ಅಂದರು. ಆಮೇಲೆ ಇಂಗ್ಲಿಷಿನಲ್ಲಿ, ‘ನೂರ ಇಪ್ಪತ್ತರವರೆಗೂ!’ ಅಂದು ನಕ್ಕರು. ಅದು ಯಿಡ್ಡಿಷ್ ಇರಬೇಕು ಅಂದ ಮಗ. ಅವರು ಹರಸಿದರೋ, ತಮಾಷೆ ಮಾಡಿದರೋ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎರಡೂ, ಅಮ್ಮಾ. ನಿಮ್ಮ ಮಗ ಅಂದದ್ದು ಸರಿ, ಅದು ಯಿಡ್ಡಿಷ್, ಯುರೋಪಿನಿಂದ ಬಂದ ಯಹೂದಿಗಳ ಮನೆಮಾತು. ನಿಮ್ಮ ಪತ್ರ ಓದಿ ನನಗೆ ನನ್ನ ಹಳೆಯ ಕೌಂಟರ್ ನೆನಪಾಯಿತು. ಬ್ರೂಕ್ಲಿನ್‌ನ ಬರೋ ಪಾರ್ಕ್‌ನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಮಾತ್ರೆ ಕೊಡುವ ಮೊದಲು ಹುಟ್ಟಿದ ದಿನ ಕೇಳಬೇಕು. ಅಜ್ಜ ‘1931’ ಅನ್ನುತ್ತಿದ್ದ ಹಾಗೇ ಹಿಂದೆ ನಿಂತವರು, ಗುರುತು ಪರಿಚಯ ಏನೂ ಇಲ್ಲದವರು, ‘ಬಿಜ್ ಹುಂಡರ್ಟ್ ಉನ್ ತ್ಸ್ವಾನ್ತ್ಸಿಕ್’ ಅನ್ನುತ್ತಿದ್ದರು. ನೂರ ಇಪ್ಪತ್ತರವರೆಗೆ ಅಂತ. ಪ್ರವಾದಿ ಮೋಸೆ ಬದುಕಿದ್ದು 120 ವರ್ಷ ಎಂದು ಯಹೂದಿಗಳ ಧರ್ಮಗ್ರಂಥದಲ್ಲಿದೆ. ನಾವು ನೂರು ವರ್ಷ ಬಾಳು ಅಂತೀವಿ, ಅವರು ಇಪ್ಪತ್ತು ಜಾಸ್ತಿ ಕೊಡುತ್ತಾರೆ.

ಇದರ ಮೇಲೆ ಅವರದೇ ಒಂದು ಹಳೆಯ ತಮಾಷೆ ಇದೆ. ‘ನೂರ ಇಪ್ಪತ್ತು ವರ್ಷ, ಮೂರು ತಿಂಗಳು ಬಾಳು.’ ಮೂರು ತಿಂಗಳು ಯಾಕೆ? ‘ಇದ್ದಕ್ಕಿದ್ದ ಹಾಗೆ ಹೋಗಿಬಿಡಬಾರದಲ್ಲ!’

ಕೀನಹೋರ ಅಂದರೆ ದೃಷ್ಟಿ ತಾಗದಿರಲಿ. ಈ ಒಂದು ಮಾತಿನಲ್ಲೇ ಯಿಡ್ಡಿಷ್ ಎಂಥ ಭಾಷೆ ಅಂತ ಕಾಣುತ್ತದೆ. ಮೊದಲ ತುಂಡು ಜರ್ಮನ್ ಕಡೆಯದು, ಉಳಿದದ್ದು ಹೀಬ್ರೂ. ಪೂರ್ವ ಯುರೋಪಿನ ಭಾಷೆಗಳ ಮಾತುಗಳೂ ಇದರಲ್ಲಿ ಬೇಕಾದಷ್ಟಿವೆ. ಬರೆಯುವುದು ಹೀಬ್ರೂ ಅಕ್ಷರದಲ್ಲಿ, ಬಲದಿಂದ ಎಡಕ್ಕೆ.

ಹಲ್ಲುನೋವಿನ ಮಾತ್ರೆಗೆ ಬಂದಿದ್ದ ಒಬ್ಬರು ಕೆನ್ನೆ ಹಿಡಿದುಕೊಂಡೇ ನನಗೊಂದು ಶಾಪ ಕಲಿಸಿದರು: ‘ನಿನ್ನ ಹಲ್ಲೆಲ್ಲ ಉದುರಲಿ, ಒಂದು ಮಾತ್ರ ಉಳಿಯಲಿ, ನೋಯುವುದಕ್ಕೆ.’ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು, ಆ ನೋವಿನಲ್ಲೂ. ಡಾಕ್ಟರ್ ಮಾತು ಬಂದರೆ ‘ಡಾಕ್ಟರ್-ಶ್ಮಾಕ್ಟರ್’ ಅನ್ನುವರು. ನಮ್ಮ ‘ಡಾಕ್ಟರ್-ಗೀಕ್ಟರ್’ ಥರಾನೇ, ಅಲ್ವಾ? ಆದರೆ ನಮ್ಮ ‘ಗೀ’ ಬರೀ ‘ಇತ್ಯಾದಿ’. ಅವರ ‘ಶ್ಮ’ ಆ ಡಾಕ್ಟರನ್ನೇ ಬದಿಗೆ ತಳ್ಳಿಬಿಡುತ್ತದೆ!

ಗೊತ್ತಿಲ್ಲದವರ ಹತ್ತಿರ ಇಷ್ಟು ಸಲಿಗೆ ಯಾಕೆ? ನನಗೆ ಅನಿಸಿದ್ದು ಹೇಳುತ್ತೇನೆ. ಎರಡನೇ ಮಹಾಯುದ್ಧಕ್ಕೆ ಮೊದಲು ಕೋಟಿಗೂ ಹೆಚ್ಚು ಜನ ಈ ಭಾಷೆ ಆಡುತ್ತಿದ್ದರು. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರ ಮನೆಮಾತು ಇದು. ಉಳಿದವರಿಗೆ ಬಸ್ಸಿನಲ್ಲೋ ಅಂಗಡಿಯಲ್ಲೋ ಒಂದು ಮಾತು ಅರ್ಥವಾಗುವ ಮನುಷ್ಯ ಸಿಕ್ಕರೆ ನೆಂಟರು ಸಿಕ್ಕಷ್ಟು ಖುಷಿ. ಹಾಗಂತ ಸತ್ತ ಭಾಷೆ ಅನ್ನಬೇಡಿ, ನನಗೆ ಬೇಸರವಾಗುತ್ತದೆ. ಬರೋ ಪಾರ್ಕ್‌ನ ಹಸಿದಿಕ್ ಅನ್ನುವ ಸಂಪ್ರದಾಯಸ್ಥ ಯಹೂದಿಗಳ ಮನೆಗಳಲ್ಲಿ ಇವತ್ತಿಗೂ ಮಕ್ಕಳು ಚಾಕೊಲೇಟ್‌ಗೆ ಹಟ ಮಾಡುವುದು ಯಿಡ್ಡಿಷ್‌ನಲ್ಲೇ.

ಆ ಅಜ್ಜಿಗೆ ನೀವು ಅವರ ಕಡೆಯವರು ಅಲ್ಲ ಅಂತ ಖಂಡಿತ ಗೊತ್ತಿತ್ತು. ಆದರೂ ಹರಸಿದರು. ಮುಂದಿನ ಸಲ ಯಾರಾದರೂ ಹಾಗಂದರೆ ‘ಓಮೇನ್’ ಅನ್ನಿ, ಹಾಗೇ ಆಗಲಿ ಅಂತ. ಆಮೇಲೆ ಅವರ ವಯಸ್ಸನ್ನೂ ಕೇಳಿ. ಹೇಳಿದ ಕೂಡಲೇ ‘ಕೀನಹೋರ’ ಅನ್ನುವ ಸರದಿ ನಿಮ್ಮದು.