ಹೊಸ ಟಿವಿಯಲ್ಲಿ ಹಳೆ ಸಿನಿಮಾ ಯಾಕೆ ಮರಳು ಮರಳಾಗಿ ಕಾಣುತ್ತದೆ?

ಹೊಸ 4ಕೆ ಟಿವಿ ತಂದು ಅದರಲ್ಲಿ 1970ರ ದಶಕದ ಒಂದು ಸಿನಿಮಾದ ಡಿಸ್ಕ್ ಹಾಕಿದ್ದೀರಿ. ಚಿತ್ರದ ತುಂಬ ಸಣ್ಣ ಮರಳು ಕುದಿಯುವ ಹಾಗೆ ಕಂಡಿದೆ. ಚಿತ್ರದ ತರಿಯನ್ನು ಸವರಿ ತೆಗೆಯುವ ನಾಯ್ಸ್ ರಿಡಕ್ಷನ್ ಸೆಟ್ಟಿಂಗನ್ನು 'ಹೈ'ಗೆ ಇಟ್ಟಾಗ ಮರಳು ಹೋಗಿದೆ, ಆದರೆ ನಟರ ಮುಖ ಮೇಣದ ಬೊಂಬೆ ಥರ ಆಗಿದೆ. ಮನೆಯವರು ಬೇರೆ "ಇಷ್ಟು ದುಡ್ಡು ಕೊಟ್ಟು ತಂದ ಟಿವಿ ಇದೇನಾ" ಅಂತ ಕೇಳುತ್ತಿದ್ದಾರೆ. ಕೆಟ್ಟಿರುವುದು ಟಿವಿಯಾ, ಡಿಸ್ಕಾ ಅನ್ನುವುದು ನಿಮ್ಮ ಪ್ರಶ್ನೆ.

ಎರಡೂ ಕೆಟ್ಟಿಲ್ಲ. ನಿಮಗೆ ಕಂಡ ಮರಳು ಫಿಲ್ಮಿನದ್ದೇ ಕಾಳು, ಅದಕ್ಕೆ ಗ್ರೇನ್ ಅನ್ನುತ್ತಾರೆ. ಮೊದಲು ಆ ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಾದರೆ ಮಿಕ್ಕ ಸೆಟ್ಟಿಂಗ್‌ಗಳನ್ನು ನೀವೇ ಸರಿ ಮಾಡಿಕೊಳ್ಳಬಹುದು.

ನಾನು ಕೆಲವು ವರ್ಷ ಡಾರ್ಕ್‌ರೂಮಿನಲ್ಲಿ ಕಪ್ಪು ಬಿಳುಪು ಫೋಟೋ ಪ್ರಿಂಟ್ ಮಾಡುತ್ತಿದ್ದೆ. ನೆಗೆಟಿವ್ ಅನ್ನು ಹಿಗ್ಗಿಸಿ ಪೇಪರ್ ಮೇಲೆ ಬೀಳಿಸುವ ಎನ್‌ಲಾರ್ಜರ್ ಕೆಳಗೆ ನೆಗೆಟಿವ್‌ನ ಚಿತ್ರ ಬಿದ್ದಾಗ ಫೋಕಸ್ ಕರಾರುವಾಕ್ಕಾಗಿ ಕೂತಿದೆಯಾ ಅಂತ ಬರಿಗಣ್ಣಲ್ಲಿ ಹೇಳುವುದು ಕಷ್ಟ. ಅದಕ್ಕೆ ಗ್ರೇನ್ ಫೋಕಸರ್ ಅಂತ ಒಂದು ಸಣ್ಣ ಸಾಧನ ಇರುತ್ತದೆ. ಕೆಳಗೊಂದು ಕನ್ನಡಿ, ಮೇಲೊಂದು ಭೂತಗನ್ನಡಿ, ಅಷ್ಟೇ. ಪೇಪರ್ ಇಡುವ ಜಾಗದಲ್ಲಿ ಅದನ್ನಿಟ್ಟು ಬಗ್ಗಿ ನೋಡಬೇಕು. ಒಳಗೆ ಮುಖವೂ ಕಾಣುವುದಿಲ್ಲ, ಮರವೂ ಕಾಣುವುದಿಲ್ಲ. ಬರೀ ಮಂಜು. ಫೋಕಸ್ ಗುಬುಟನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಆ ಮಂಜು ಒಡೆದು ಕಪ್ಪು ಕಾಳುಗಳಾಗುತ್ತದೆ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಮತ್ತೆ ಮಂಜು. ಕಾಳು ಚೂಪಾಗಿ ಕಂಡ ಕಡೆ ನಿಲ್ಲಿಸಿ ಪ್ರಿಂಟ್ ತೆಗೆದರೆ ರೆಪ್ಪೆಗೂದಲು ಒಂದೊಂದೂ ಬಿಡಿಬಿಡಿಯಾಗಿ ಬರುತ್ತಿತ್ತು. ನಾವು ಚಿತ್ರವನ್ನು ನೋಡಿ ಫೋಕಸ್ ಮಾಡುತ್ತಿರಲಿಲ್ಲ, ಗ್ರೇನ್ ನೋಡಿ ಮಾಡುತ್ತಿದ್ದೆವು. ಗ್ರೇನ್ ಸ್ಪಷ್ಟವಾಗಿ ಕಂಡರೆ ನೆಗೆಟಿವ್‌ನಲ್ಲಿ ಇರುವುದೆಲ್ಲ ಪೇಪರಿಗೆ ಇಳಿಯುತ್ತದೆ ಅಂತ ಅರ್ಥ. ನಿಮ್ಮ ಟಿವಿಗೂ ಇದೇ ಲೆಕ್ಕ.

ಫಿಲ್ಮ್ ಮೇಲೆ ಜೆಲಟಿನ್ ಪದರ ಇರುತ್ತದೆ. ಅದರೊಳಗೆ ಬೆಳ್ಳಿ ಲವಣದ ಸಣ್ಣ ಸಣ್ಣ ಹರಳುಗಳು. ಬೆಳಕು ತಾಗಿದ ಹರಳು ಡೆವಲಪ್ ಮಾಡಿದಾಗ ಕಪ್ಪು ಬೆಳ್ಳಿಯಾಗುತ್ತದೆ. ಕಲರ್ ಫಿಲ್ಮ್ ಆದರೆ ಆ ಬೆಳ್ಳಿಯ ಸುತ್ತ ಬಣ್ಣದ ಪುಟ್ಟ ಮೋಡ ಕಟ್ಟುತ್ತದೆ, ಆಮೇಲೆ ಬೆಳ್ಳಿಯನ್ನು ತೆಗೆದುಬಿಡುತ್ತಾರೆ, ಬಣ್ಣ ಉಳಿಯುತ್ತದೆ. ನಟನ ಕಣ್ಣು, ಮೂಗು, ಅಂಗಿಯ ನೂಲು ಎಲ್ಲವೂ ಈ ಕಾಳುಗಳಿಂದಲೇ ಆಗಿರುವುದು. ಕಾಳಿನ ಹಿಂದೆ ಇನ್ನೊಂದು ಕ್ಲೀನ್ ಚಿತ್ರ ಅವಿತುಕೊಂಡಿಲ್ಲ.

ಅದು ಕುದಿಯುವ ಹಾಗೆ ಯಾಕೆ ಕಾಣುತ್ತದೆ? ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಫ್ರೇಮೂ ಫಿಲ್ಮಿನ ಬೇರೆ ಬೇರೆ ತುಂಡು. ಹರಳುಗಳು ಒಂದರಲ್ಲಿ ಕೂತ ಜಾಗದಲ್ಲಿ ಇನ್ನೊಂದರಲ್ಲಿ ಕೂತಿರುವುದಿಲ್ಲ. ಇದರಿಂದ ಒಂದು ಲಾಭವೂ ಇದೆ. ಈ ಫ್ರೇಮಿನಲ್ಲಿ ತಪ್ಪಿದ ಸಣ್ಣ ವಿವರ ಮುಂದಿನ ಫ್ರೇಮಿನಲ್ಲಿ ಸಿಕ್ಕಿರುತ್ತದೆ, ನಮ್ಮ ಕಣ್ಣು ಎರಡನ್ನೂ ಕೂಡಿಸಿಕೊಳ್ಳುತ್ತದೆ. ಸಿನಿಮಾವನ್ನು ನಡುವೆ ನಿಲ್ಲಿಸಿದಾಗ ಚಿತ್ರ ತರಿತರಿಯಾಗಿ ಕಂಡು, ಮತ್ತೆ ಪ್ಲೇ ಒತ್ತಿದ ಕೂಡಲೇ ಚೆನ್ನಾಗಿ ಕಾಣುತ್ತದೆ ಅಲ್ವಾ? ಅದು ಇದಕ್ಕೇ.

ಗ್ರೇನ್ ಎಲ್ಲಾ ಸಿನಿಮಾದಲ್ಲೂ ಒಂದೇ ಸಮ ಇರುವುದಿಲ್ಲ. ಕಡಿಮೆ ಬೆಳಕಲ್ಲಿ ಶೂಟ್ ಮಾಡಲು ಬಳಸುವ ಹೈ ಸ್ಪೀಡ್ ಫಿಲ್ಮಿನಲ್ಲಿ ಹರಳು ದಪ್ಪ, ಹಾಗಾಗಿ ರಾತ್ರಿ ದೃಶ್ಯಗಳಲ್ಲಿ ಜಾಸ್ತಿ ಕಾಣುತ್ತದೆ. ಫಿಲ್ಮಿನ ಅಳತೆಯೂ ಮುಖ್ಯ. 35 ಎಂಎಂ ಫಿಲ್ಮಿನಲ್ಲಿ ಚಿತ್ರದ ಅಗಲ ಸುಮಾರು 22 ಮಿಲಿಮೀಟರ್. 16 ಎಂಎಂನಲ್ಲಿ ಬರೀ 10 ಮಿಲಿಮೀಟರ್ ಚಿಲ್ಲರೆ. ಎರಡನ್ನೂ ಒಂದೇ ಪರದೆಗೆ ಹಿಗ್ಗಿಸಿದರೆ 16 ಎಂಎಂನ ಕಾಳು ಎರಡು ಪಟ್ಟಿಗಿಂತ ದೊಡ್ಡದಾಗಿ ಕಾಣಲೇಬೇಕು.

ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ, ಮುಂದಿನ ಸಲ ಗಮನಿಸಿ. ಹಳೆ ಸಿನಿಮಾದಲ್ಲಿ ಒಂದು ದೃಶ್ಯ ಕರಗಿ ಇನ್ನೊಂದು ದೃಶ್ಯ ಮೂಡುವ ಡಿಸಾಲ್ವ್ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಮುಂಚೆಯೇ ಚಿತ್ರ ತಟ್ಟನೆ ಮಂಕಾಗಿ ಗ್ರೇನ್ ಜಾಸ್ತಿಯಾಗುವುದುಂಟು. ಆಗ ಡಿಸಾಲ್ವ್ ಮಾಡಬೇಕೆಂದರೆ ಎರಡೂ ದೃಶ್ಯಗಳನ್ನು ಆಪ್ಟಿಕಲ್ ಪ್ರಿಂಟರ್ ಮೂಲಕ ಇನ್ನೊಂದು ಫಿಲ್ಮಿಗೆ ಕಾಪಿ ಮಾಡಬೇಕಿತ್ತು. ಆ ಕಾಪಿಯ ಗ್ರೇನ್ ಮೂಲದ ಗ್ರೇನ್ ಮೇಲೆ ಕೂರುತ್ತಿತ್ತು. ಟೈಟಲ್ ಕಾರ್ಡ್ ಇರುವ ಶಾಟ್‌ಗಳಲ್ಲೂ ಹೀಗೇ. ದೃಶ್ಯ ಬದಲಾದ ಕೂಡಲೇ ಚಿತ್ರ ಮತ್ತೆ ತಿಳಿಯಾಗುತ್ತದೆ. ಇದು ಕಣ್ಣಿಗೆ ಬಿತ್ತು ಅಂದರೆ ನಿಮ್ಮ ಟಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೇ ತಿಳಿಯಿರಿ.

"ಹಿಂದೆ ಥಿಯೇಟರಲ್ಲಿ, ವಿಡಿಯೋ ಕ್ಯಾಸೆಟ್ಟಲ್ಲಿ ಇದೆಲ್ಲ ಕಾಣುತ್ತಿರಲಿಲ್ಲವಲ್ಲ" ಅಂತ ಅನ್ನಿಸಬಹುದು. ಕ್ಯಾಸೆಟ್ಟಿಗೆ ಇಷ್ಟು ಸಣ್ಣದನ್ನು ಹಿಡಿಯುವ ಶಕ್ತಿಯೇ ಇರಲಿಲ್ಲ. ಥಿಯೇಟರಿಗೆ ಬರುತ್ತಿದ್ದ ಪ್ರಿಂಟ್ ಸಾಮಾನ್ಯವಾಗಿ ಕಾಪಿಯ ಕಾಪಿಯ ಕಾಪಿ: ಮೂಲ ನೆಗೆಟಿವ್, ಅದರಿಂದ ಇಂಟರ್‌ಪಾಸಿಟಿವ್, ಅದರಿಂದ ಇಂಟರ್‌ನೆಗೆಟಿವ್, ಅದರಿಂದ ಪ್ರಿಂಟ್. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ವಿವರ ಸವೆಯುತ್ತಿತ್ತು. ಈಗ ಒಳ್ಳೆಯ ಡಿಸ್ಕ್‌ಗಳಿಗೆ ಮೂಲ ನೆಗೆಟಿವ್ ಅನ್ನೇ ಸ್ಕ್ಯಾನ್ ಮಾಡುತ್ತಾರೆ. ಆವತ್ತಿನ ಪ್ರೇಕ್ಷಕರು ನೋಡಿದ್ದಕ್ಕಿಂತ ಹೆಚ್ಚಿನ ವಿವರ ನಿಮಗೆ ಸಿಗುತ್ತಿದೆ, ಅದರ ಜೊತೆ ಗ್ರೇನೂ ಬಂದಿದೆ.

ಇನ್ನು ಮೇಣದ ಮುಖದ ವಿಷಯ. ಟಿವಿಯ ನಾಯ್ಸ್ ರಿಡಕ್ಷನ್ ಅಕ್ಕಪಕ್ಕದ ಫ್ರೇಮ್‌ಗಳನ್ನು, ಅಕ್ಕಪಕ್ಕದ ಚುಕ್ಕಿಗಳನ್ನು ಹೋಲಿಸಿ ನೋಡುತ್ತದೆ. ಸಣ್ಣಗೆ ಬದಲಾಗುವುದನ್ನೆಲ್ಲ ಕಸ ಅಂದುಕೊಂಡು ಸವರಿಬಿಡುತ್ತದೆ. ಗ್ರೇನ್ ಸಣ್ಣಗೆ ಬದಲಾಗುತ್ತದೆ, ನಿಜ. ಆದರೆ ಚರ್ಮದ ರಂಧ್ರ, ಎಳೆ ಗಡ್ಡ, ಉಣ್ಣೆ ಸ್ವೆಟರಿನ ಹೆಣಿಗೆ, ದೂರದ ಮರದ ಎಲೆಗಳು ಕೂಡ ಅಷ್ಟೇ ಸಣ್ಣವು. ಯಾವುದು ಗ್ರೇನ್, ಯಾವುದು ಗಡ್ಡ ಅಂತ ಅದಕ್ಕೆ ಪೂರ್ತಿ ಗೊತ್ತಾಗುವುದಿಲ್ಲ. ನಾನೂ ಮೊದಲ ಎಚ್‌ಡಿ ಟಿವಿ ತಂದಾಗ ಎರಡು ವರ್ಷ ಇದನ್ನು ಆನ್ ಮಾಡಿಕೊಂಡೇ ನೋಡಿದ್ದೆ. ಒಂದು ದಿನ ಒಬ್ಬ ಮುದುಕನ ಕ್ಲೋಸಪ್ ಬಂದಾಗ ನಿಲ್ಲಿಸಿ, ಸುಮ್ನೆ ನೋಡೋಣ ಅಂತ ಆಫ್ ಮಾಡಿ ಅದೇ ಶಾಟ್ ಮತ್ತೆ ಹಾಕಿದೆ. ಕಣ್ಣಿನ ಪಕ್ಕದ ಸುಕ್ಕುಗಳು ಮೂರಿದ್ದದ್ದು ಏಳೆಂಟಾದವು. ಕಿವಿಯ ಮೇಲಿನ ಬಿಳಿ ಕೂದಲು ಒಂದೊಂದಾಗಿ ಎದ್ದು ನಿಂತಿತು. ಆವತ್ತು ನನಗೆ ನಿಜವಾಗಿ ಬೇಜಾರಾಯಿತು. ಎರಡು ವರ್ಷ ಎಷ್ಟು ಮುಖಗಳನ್ನು ಅರ್ಧಂಬರ್ಧ ನೋಡಿದ್ದೆ ಅಂತ.

ಹಾಗಂತ ತರಿತರಿಯಾಗಿ ಕಾಣುವುದೆಲ್ಲ ಗ್ರೇನ್ ಅಂದುಕೊಳ್ಳಬೇಡಿ. ಸ್ಟ್ರೀಮಿಂಗ್‌ನಲ್ಲಿ ನೋಡುವಾಗ ಬೇರೆಯೇ ತೊಂದರೆ. ವಿಡಿಯೋ ಕಂಪ್ರೆಷನ್ ಅನ್ನುವುದು ಹಿಂದಿನ ಫ್ರೇಮಿಗಿಂತ ಏನು ಬದಲಾಗಿದೆಯೋ ಅಷ್ಟನ್ನೇ ಕಳಿಸಿ ಡೇಟಾ ಉಳಿಸುತ್ತದೆ. ಗೋಡೆ ಹಾಗೇ ಇದ್ದರೆ ಗೋಡೆಗೆ ಖರ್ಚಿಲ್ಲ. ಗ್ರೇನ್ ಇರುವ ಸಿನಿಮಾದಲ್ಲಿ ಗೋಡೆಯ ಪ್ರತಿ ಚುಕ್ಕಿಯೂ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತಿರುತ್ತದೆ. ಬ್ಲೂರೇ ಡಿಸ್ಕಿನಲ್ಲಿ ವಿಡಿಯೋಗೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಜಾಗ ಇದೆ, 4ಕೆ ಡಿಸ್ಕಿನಲ್ಲಿ ಅದಕ್ಕಿಂತ ಜಾಸ್ತಿ. 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ 15ರಿಂದ 25ರೊಳಗೆ ಮುಗಿಸಬೇಕು. ಜಾಗ ಸಾಲದೆ ಹೋದಾಗ ಗ್ರೇನ್ ಒಟ್ಟಾಗಿ ಚೌಕ ಚೌಕದ ಕಲೆಗಳಾಗುತ್ತದೆ, ಕತ್ತಲಿನ ಮೂಲೆಗಳಲ್ಲಿ ಕೆಸರಿನ ಹಾಗೆ ಅಲುಗಾಡುತ್ತದೆ. ಗುರುತಿಸುವುದು ಸುಲಭ. ಗ್ರೇನ್ ಸಣ್ಣ, ದುಂಡು, ಪರದೆಯ ತುಂಬ ಒಂದೇ ಹದದಲ್ಲಿರುತ್ತದೆ. ಕಂಪ್ರೆಷನ್ ಕಲೆಗೆ ಮೂಲೆಗಳಿರುತ್ತವೆ, ಅದು ಅಲ್ಲಲ್ಲಿ ಅಂಟಿಕೊಂಡಿರುತ್ತದೆ, ಯಾರಾದರೂ ಜೋರಾಗಿ ಓಡಾಡಿದಾಗ ಹೆಚ್ಚುತ್ತದೆ. ಇದಕ್ಕೆ ನಾಯ್ಸ್ ರಿಡಕ್ಷನ್ ಅನ್ನು 'ಲೋ'ದಲ್ಲಿ ಇಡುವುದರಲ್ಲಿ ತಪ್ಪಿಲ್ಲ, ಹಳೆ ಡಿವಿಡಿಗೂ ಹಾಗೇ.

ಎವಿ1 ಅನ್ನುವ ಹೊಸ ಕೋಡೆಕ್‌ನಲ್ಲಿ, ಅಂದರೆ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ, ಇದಕ್ಕೊಂದು ಜಾಣ ಉಪಾಯ ಇದೆ. ಗ್ರೇನನ್ನು ಮೊದಲೇ ತೆಗೆದು, ಅದು ಎಂಥ ಗ್ರೇನ್ ಅನ್ನುವ ಅಳತೆಯನ್ನು ಮಾತ್ರ ಕಳಿಸುತ್ತಾರೆ. ನಿಮ್ಮ ಟಿವಿ ಆ ಅಳತೆಗೆ ತಕ್ಕಂತೆ ಹೊಸ ಗ್ರೇನ್ ಹುಟ್ಟಿಸಿ ಮೇಲೆ ಹರಡುತ್ತದೆ. ಕಣ್ಣಿಗೆ ಹಿತವಾಗಿಯೇ ಇರುತ್ತದೆ. ಆದರೂ ಡಿಸ್ಕಿನಲ್ಲಿ ಸಿಗುವ ಮೂಲ ಗ್ರೇನೇ ನನಗೆ ಹೆಚ್ಚು.

ಸೆಟ್ಟಿಂಗ್ಸಿಗೆ ಬರೋಣ. ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ. ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೋಗಳು ಸೇರಿರುವ ಯುಎಚ್‌ಡಿ ಅಲಯನ್ಸ್ ಎಂಬ ಒಕ್ಕೂಟ 2019ರಲ್ಲಿ ಇದನ್ನು ತಂದಿದ್ದೇ ಇಂಥ ಸಂಸ್ಕರಣೆಗಳನ್ನೆಲ್ಲ ಒಂದೇ ಏಟಿಗೆ ಆಫ್ ಮಾಡಲಿಕ್ಕೆ. ಇಲ್ಲದಿದ್ದರೆ ಸಿನಿಮಾ ಮೋಡ್. ವಿವಿಡ್ ಮೋಡ್ ಬೇಡವೇ ಬೇಡ. ಅದು ಬೆಳಕನ್ನೂ ಕಾಂಟ್ರಾಸ್ಟನ್ನೂ ಎತ್ತಿಬಿಡುತ್ತದೆ, ಸೌಮ್ಯವಾಗಿದ್ದ ಗ್ರೇನ್ ಕೂಡ ಕಣ್ಣಿಗೆ ಚುಚ್ಚುತ್ತದೆ. ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್ ತುರುಕುವ ಮೋಷನ್ ಸ್ಮೂದಿಂಗ್ ಕೂಡ ಆಫ್.

ಶಾರ್ಪ್‌ನೆಸ್ ಬಗ್ಗೆ ಮಾತ್ರ ಎಚ್ಚರ. ನಿಮಗೆ ಕಂಡ 'ಮರಳಿನಲ್ಲಿ' ಅರ್ಧ ಪಾಲು ಇದರದ್ದೇ ಇರಬಹುದು ಅಂತ ನನಗೆ ಅನುಮಾನ. ಶಾರ್ಪ್‌ನೆಸ್ ಹೊಸ ವಿವರ ತರುವುದಿಲ್ಲ, ಇರುವ ಅಂಚುಗಳಿಗೆ ಗೆರೆ ಎಳೆಯುತ್ತದೆ. ಗ್ರೇನಿನ ಪ್ರತಿ ಕಾಳಿಗೂ ಅಂಚು ಇದೆಯಲ್ಲ, ಅದಕ್ಕೂ ಗೆರೆ. ಯಾವ ಸಂಖ್ಯೆಗೆ ಇಡಬೇಕು ಅಂತ ಹೇಳಲಾಗದು, ಕೆಲವು ಟಿವಿಯಲ್ಲಿ ತಟಸ್ಥ ಮಟ್ಟ ಸೊನ್ನೆ, ಕೆಲವದರಲ್ಲಿ 10, ಕೆಲವದರಲ್ಲಿ 50. ಹೀಗೆ ಮಾಡಿ: ಆಕಾಶದ ಎದುರು ಒಣ ಕೊಂಬೆಯೋ ತಂತಿಯೋ ಕಾಣುವ ಶಾಟ್‌ನಲ್ಲಿ ನಿಲ್ಲಿಸಿ. ಕೊಂಬೆಯ ಪಕ್ಕದಲ್ಲೇ ಒಂದು ಬಿಳಿ ಗೆರೆ ಕಾಣುತ್ತಿದ್ದರೆ ಶಾರ್ಪ್‌ನೆಸ್ ಜಾಸ್ತಿಯಾಗಿದೆ. ಗೆರೆ ಮಾಯವಾಗುವವರೆಗೆ ಇಳಿಸಿ, ಕೊಂಬೆ ಮಬ್ಬಾಗುವ ಮೊದಲು ನಿಲ್ಲಿಸಿ. ಡಿಸ್ಕ್ ಪ್ಲೇಯರ್‌ನಲ್ಲೂ ಪ್ರತ್ಯೇಕ ಶಾರ್ಪ್‌ನೆಸ್, ನಾಯ್ಸ್ ರಿಡಕ್ಷನ್ ಇರಬಹುದು, ಅಲ್ಲೂ ನೋಡಿ.

ಇಳಿಸಿದ ಮೇಲೂ ಆ ಬಿಳಿ ಗೆರೆ ಹೋಗಲಿಲ್ಲ, ಮುಖಗಳೂ ಮೇಣದಂತೆಯೇ ಇವೆ ಅಂದರೆ ಡಿಸ್ಕ್ ಮಾಡಿದವರೇ ಗ್ರೇನ್ ಉಜ್ಜಿ ತೆಗೆದು, ಆಮೇಲೆ ಶಾರ್ಪ್ ಮಾಡಿದ್ದಾರೆ. ಅದನ್ನು ಯಾವ ಟಿವಿಯೂ ಸರಿ ಮಾಡಲಾರದು. ಆ ಸಿನಿಮಾದ ಬೇರೆ ಆವೃತ್ತಿ ಇದೆಯಾ ಅಂತ ಹುಡುಕುವುದೇ ದಾರಿ.

ಕೂರುವ ದೂರವನ್ನೂ ಅಳೆದು ನೋಡಿ. 55 ಇಂಚಿನ ಪರದೆಯಲ್ಲಿ 1080 ಗೆರೆಗಳ ಬ್ಲೂರೇ ಚಿತ್ರದ ಪೂರ್ತಿ ವಿವರ ಸಾಮಾನ್ಯ ದೃಷ್ಟಿಗೆ ಸಿಗುವುದು ಸುಮಾರು ಏಳು ಅಡಿಯೊಳಗೆ. 4ಕೆ ಚಿತ್ರದ ಪೂರ್ತಿ ವಿವರಕ್ಕೆ ಮೂರೂವರೆ ಅಡಿಗೆ ಬರಬೇಕು, ಅಷ್ಟು ಹತ್ತಿರ ಯಾರೂ ಕೂರುವುದಿಲ್ಲ. ನೀವು ನಾಲ್ಕೈದು ಅಡಿಯಲ್ಲಿ ಕೂರುತ್ತಿದ್ದರೆ ಎರಡು ಅಡಿ ಹಿಂದೆ ಸರಿದು ನೋಡಿ. ಮುಖದ ವಿವರ ಉಳಿದು, ಗ್ರೇನ್ ಒಂದಕ್ಕೊಂದು ಬೆರೆತು ತಣ್ಣಗಾಗುತ್ತದೆ. ರಾತ್ರಿ ಲೈಟ್ ಆರಿಸಿ ನೋಡುವವರಾದರೆ ಬ್ಯಾಕ್‌ಲೈಟನ್ನೂ ಸ್ವಲ್ಪ ತಗ್ಗಿಸಿ.

ಮನೆಯವರಿಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ. ಅದೇ ಡಿಸ್ಕಿನಲ್ಲಿ ಒಳ್ಳೆ ಬೆಳಕಿನಲ್ಲಿ ತೆಗೆದ ಒಂದು ಕ್ಲೋಸಪ್ ಆರಿಸಿ. ಹತ್ತು ಸೆಕೆಂಡ್ ನಾಯ್ಸ್ ರಿಡಕ್ಷನ್ 'ಹೈ'ನಲ್ಲಿ ಹಾಕಿ, ಅದೇ ಹತ್ತು ಸೆಕೆಂಡ್ ಆಫ್ ಮಾಡಿ ಹಾಕಿ. ಗ್ರೇನ್ ಮಾತೇ ಎತ್ತದೆ, ಹುಬ್ಬಿನ ಕೂದಲು ಯಾವುದರಲ್ಲಿ ಎಣಿಸಬಹುದು ಅಂತ ಮಾತ್ರ ಕೇಳಿ.